ತಲೆ ಮೇಲೆ ಕೈ ಹೊತ್ತ ಫೋಟೋ ಬೇಡ

ಈ ಸಲವೂ ಅದೇ. ಆಫೀಸು ಜೀವನದ ಏಕತಾನತೆ ಬಗ್ಗೆ ಫೋಟೋ ಸರಣಿ ಮಾಡಿದ್ದೇವೆ ಅಂತ ಫೋಟೋಗ್ರಫಿ ಕಲಿಯುವ ಮಕ್ಕಳು ತಂದು ತೋರಿಸುತ್ತಾರೆ. ತೆರೆದರೆ ಒಬ್ಬರು ಕಂಪ್ಯೂಟರ್ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ. ಕಪ್ಪು ಬಿಳುಪು, ಜಾಸ್ತಿ ನೆರಳು. ಅದು ದುಃಖದ ಚಿತ್ರ ಕಣ್ರಪ್ಪಾ, ಏಕತಾನತೆಯದ್ದಲ್ಲ.

ದುಃಖ ಒಂದೇ ಫೋಟೋದಲ್ಲಿ ಸಿಗುತ್ತದೆ. ಇವತ್ತೂ ನಿನ್ನೆಯ ಹಾಗೇ ಇದೆ ಅಂತ ಗೊತ್ತಾಗಬೇಕಾದರೆ ನಿನ್ನೆಯ ಫೋಟೋ ಪಕ್ಕದಲ್ಲಿರಬೇಕು, ಅಲ್ವಾ? ಅದಕ್ಕೇ ಹೇಳುವುದು, ಕ್ಯಾಮೆರಾ ಕದಲಿಸಬೇಡಿ. ಅದೇ ಜಾಗ, ಅದೇ ಲೆನ್ಸ್, ಟ್ರೈಪಾಡಿನ ಅದೇ ಎತ್ತರ. ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಅದೇ ಗೋಡೆ ಒಂದು ದಿನ ಹಳದಿ, ಮರುದಿನ ನೀಲಿ. ಹಳೇ ಟ್ಯೂಬ್‌ಲೈಟ್ ಇದ್ದರೆ ಶಟರ್ ವೇಗ ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್. ಆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ಅದಕ್ಕಿಂತ ವೇಗವಾದರೆ ಒಂದು ಚಿತ್ರ ಮಂಕು, ಇನ್ನೊಂದು ಬೆಳ್ಳಗೆ ಬರಬಹುದು. ನಮ್ಮ ಕಡೆಯಿಂದ ಏನೂ ಬದಲಾಗದಿದ್ದರೆ ತಾನೇ, ಅಲ್ಲಿ ಬದಲಾಗದೆ ಉಳಿದದ್ದು ಕಣ್ಣಿಗೆ ಬೀಳುವುದು?

ಡಚ್ ಫೋಟೋಗ್ರಾಫರ್ ಯಾನ್ ಬ್ಯಾನಿಂಗ್ 8 ದೇಶಗಳ ಸರ್ಕಾರಿ ನೌಕರರನ್ನು ಹೀಗೆ ಪಟ್ಟು ಹಿಡಿದು ತೆಗೆದರು. ನಮ್ಮ ಬಿಹಾರದ ಕಚೇರಿಗಳೂ ಅದರಲ್ಲಿವೆ. ಎಲ್ಲವೂ ಚೌಕ ಚಿತ್ರ. ಮೇಜಿನ ಈಚೆ ಅರ್ಜಿ ಹಿಡಿದು ಬಂದವರಿಗೆ ಕಾಣುವ ನೋಟ. ಮೊದಲೇ ತಿಳಿಸದೆ ಹೋಗುತ್ತಿದ್ದರು, ಯಾರೂ ಮೇಜು ಚೊಕ್ಕ ಮಾಡಿಡಬಾರದು ಅಂತ.

ಎಲ್ಲ ಸರಣಿಗೂ ಇದೊಂದೇ ದಾರಿ ಅಂತ ನಾನು ಹೇಳುವುದಿಲ್ಲ. ಅನುಮತಿ ಮಾತ್ರ ಬರಹದಲ್ಲೇ ಇರಲಿ. ಫೈಲಿನ ಮೇಲೆ ಯಾರದೋ ಹೆಸರು ಇರುತ್ತದೆ, ಅದು ಓದುವಂತಿರಬಾರದು.

ಒಮ್ಮೆ ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರ ಮೇಜನ್ನು ದಿನಾ ಮಧ್ಯಾಹ್ನ 3ಕ್ಕೆ ತೆಗೆಯುತ್ತಿದ್ದೆ. ನಿವೃತ್ತಿಗೆ ಹತ್ತಿರವಿದ್ದವರು. ಮೊದಲ ದಿನ ಅವರೇ ಕೇಳಿದರು, "ಸಾರ್, ಬೇಜಾರಾದೋರ ಥರ ಕೂತ್ಕೊಳ್ಲಾ?" "ಬೇಡ ಸಾರ್, ಸುಮ್ನೆ ನಿಮ್ಮ ಕೆಲಸ ಮಾಡ್ತಿರಿ" ಅಂದೆ. 20 ದಿನದ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿದಾಗ ನೋಡಿದೆ, ಟೀ ಲೋಟ ಎಲ್ಲದರಲ್ಲೂ ಒಂದೇ ಜಾಗದಲ್ಲಿತ್ತು. ಅಲ್ಲಿ ಮೇಜಿನ ಪಾಲಿಶ್ ದುಂಡಗೆ ಎದ್ದು ಹೋಗಿತ್ತು. ಅವರನ್ನು ಕರೆದು ತೋರಿಸಿದೆ. ತುಂಬಾ ಹೊತ್ತು ನೋಡಿದರು.

"ನನಗಿಂತ ಮುಂಚೆ ಇದ್ದೋರೂ ಅಲ್ಲೇ ಇಡ್ತಿದ್ರು ಸಾರ್" ಅಂದರು.