ಆಕ್ಷನ್ ಆರ್‌ಪಿಜಿ: ಕೂಟದಿಂದ ಎದ್ದು ಆಟಕ್ಕೆ ಬಂದ ವೇಷ

ನಮ್ಮ ಉಡುಪಿ, ಮಂಗಳೂರಿನ ಕಡೆ 'ಆಟಕ್ಕೆ ಹೋಗಿದ್ದಾರೆ' ಎಂದರೆ ಯಕ್ಷಗಾನಕ್ಕೆ ಹೋಗಿದ್ದಾರೆ ಎಂದೇ ಅರ್ಥ. ಅದರ ಜೋಡಿಯಾಗಿ ಇನ್ನೊಂದು ಮಾತಿದೆ, 'ಕೂಟ'. ಅದು ತಾಳಮದ್ದಳೆ. ಎರಡಕ್ಕೂ ಪ್ರಸಂಗ ಒಂದೇ, ಪದ್ಯವೂ ಒಂದೇ. ಕೂಟದಲ್ಲಿ ಅರ್ಥಧಾರಿಗಳು ವೇಷ ಕಟ್ಟದೆ, ಕುಳಿತಲ್ಲಿಂದಲೇ ಮಾತಿನ ಬಲದಲ್ಲಿ ಕರ್ಣನೋ ಕೃಷ್ಣನೋ ಆಗುತ್ತಾರೆ. ಆಟದಲ್ಲಿ ಅದೇ ಕರ್ಣ ಗೆಜ್ಜೆ ಕಟ್ಟಿ, ಕಿರೀಟ ಇಟ್ಟು ರಂಗಕ್ಕೆ ಧುಮುಕುತ್ತಾನೆ. 'ಆಕ್ಷನ್ ಆರ್‌ಪಿಜಿ' ಎಂಬ ಪದವನ್ನು ಬಿಡಿಸಿ ಹೇಳಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣುವುದಿಲ್ಲ.

ಆರ್‌ಪಿಜಿ ಎಂದರೆ ರೋಲ್ ಪ್ಲೇಯಿಂಗ್ ಗೇಮ್, ಪಾತ್ರ ವಹಿಸಿ ಆಡುವ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಈ ಬಗೆಗೆ ತಳಹದಿ ಹಾಕಿತು. ಅದು ಅಪ್ಪಟ ಕೂಟ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ, ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಂತಮ್ಮ ಪಾತ್ರದ ಬಾಯಲ್ಲಿ ಮಾತನಾಡುತ್ತಾರೆ. ಬೀಸಿದ ಕತ್ತಿ ತಾಗಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಇದು ಕಂಪ್ಯೂಟರಿಗೆ ಬಂದಾಗ ಮಾತು ಸೊರಗಿ ಲೆಕ್ಕ ಉಳಿಯಿತು: ಬಲ ಇಷ್ಟು, ಚುರುಕು ಇಷ್ಟು, ಜೀವ ಇಷ್ಟು. ನೀವೊಂದು ಏಟು ಹಾಕಬೇಕು, ಆಮೇಲೆ ಎದುರಾಳಿಯ ಸರದಿ. ನೀವು ಯೋಚಿಸುತ್ತ ಕುಳಿತಷ್ಟು ಹೊತ್ತೂ ರಾಕ್ಷಸ ಕಾಯುತ್ತಾನೆ.

ಆ ಸರದಿಯನ್ನು ಕಿತ್ತುಹಾಕಿದರೆ ಉಳಿಯುವುದೇ ಆಕ್ಷನ್ ಆರ್‌ಪಿಜಿ. ಇಲ್ಲಿ ರಾಕ್ಷಸ ಕಾಯುವುದಿಲ್ಲ.

ಜಪಾನಿನಲ್ಲಿ 1984ರಲ್ಲೇ 'ಹೈಡ್‌ಲೈಡ್', 'ಡ್ರ್ಯಾಗನ್ ಸ್ಲೇಯರ್'ಗಳಂಥ ಆಟಗಳು ಈ ದಾರಿ ಹಿಡಿದಿದ್ದವು. ಆದರೆ ಇಂದು ಆಡುವವರು ಈ ಪದವನ್ನು ಹೇಳುವಾಗ ಅವರ ಕಣ್ಣೆದುರು ಹೆಚ್ಚಾಗಿ ನಿಲ್ಲುವುದು 'ಡಯಾಬ್ಲೊ'. 1997ರ ಹೊಸ್ತಿಲಲ್ಲಿ ಬಂದ ಆ ಮೊದಲ ಆಟವನ್ನು ಡೇವಿಡ್ ಬ್ರೆವಿಕ್ ಮತ್ತು ಸಂಗಡಿಗರು ಸರದಿಯ ಆಟವಾಗಿಯೇ ಕಟ್ಟುತ್ತಿದ್ದರು. ಸರದಿ ತೆಗೆದು ನೋಡಿ ಎಂಬ ಒತ್ತಾಯ ಬಂದಾಗ ಬ್ರೆವಿಕ್ ಮೊದಲು ಒಪ್ಪಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಕುಳಿತು ಬದಲಾಯಿಸಿದರು. ಮೌಸ್ ಒತ್ತಿದರು, ಪರದೆಯ ಯೋಧ ನಡೆದುಹೋಗಿ ಎಲುಬುಗೂಡನ್ನು ಹೊಡೆದು ಕೆಡವಿದ. ಆ ಕ್ಷಣ ಎಂಥದು ಎಂದು ಅವರೇ ಮುಂದೆ ವೇದಿಕೆಯಲ್ಲಿ ನಿಂತು ಹೇಳಿಕೊಂಡಿದ್ದಾರೆ. ಕೂಟ ಎದ್ದು ಆಟವಾದ ಮಧ್ಯಾಹ್ನ ಅದು.

ಒಂದು ಗೊಂದಲ ಇಲ್ಲಿ ತೀರಲಿ. ಕತ್ತಿ ಬೀಸುವ ಆಟವೆಲ್ಲ ಆಕ್ಷನ್ ಆರ್‌ಪಿಜಿ ಆಗುವುದಿಲ್ಲ. ಬರಿಯ ಆಕ್ಷನ್ ಆಟದಲ್ಲಿ ಪಳಗುವುದು ನಿಮ್ಮ ಕೈ. ಹಳೆಯ ಆರ್‌ಪಿಜಿಯಲ್ಲಿ ಬೆಳೆಯುವುದು ಪಾತ್ರ. ಇಲ್ಲಿ ಎರಡೂ ಬೆಳೆಯಬೇಕು. ನಿನ್ನೆ ನನ್ನನ್ನು ಸೋಲಿಸಿದ ಭೂತವನ್ನು ಇಂದು ಕೆಡವಿದಾಗ, ಗೆದ್ದದ್ದು ನನ್ನ ಬೆರಳೋ ನನ್ನ ಪಾತ್ರದ ಹೊಸ ಬಿಲ್ಲೋ ಎಂದು ಬಿಡಿಸಿ ಹೇಳಲು ಆಗಬಾರದು. ಆ ಬೆರಕೆ ಹದವಾಗಿದ್ದರೆ ಆಟ ಒಳ್ಳೆಯದು.

ಈ ಹದದ ಮಾದರಿಯೆಂದು ಎಲ್ಲರೂ ಬೆರಳು ತೋರಿಸುವುದು 2000ನೇ ಇಸವಿಯ 'ಡಯಾಬ್ಲೊ 2' ಕಡೆಗೆ. ನಾನು ಅದನ್ನು ಮೊದಲು ಆಡಿದ್ದು ಮಂಗಳೂರಿನಲ್ಲಿ ಕಾಲೇಜು ಓದುವಾಗ, ಹಂಪನಕಟ್ಟೆಯ ಹತ್ತಿರದ ಒಂದು ಬ್ರೌಸಿಂಗ್ ಸೆಂಟರಿನ ಮೂಲೆಯ ಕಂಪ್ಯೂಟರಿನಲ್ಲಿ. ಈ ಮಳೆಗಾಲದಲ್ಲಿ ಮತ್ತೆ ಕೈಗೆತ್ತಿಕೊಂಡೆ. ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ್ದವು, ಉಡುಪಿಯಲ್ಲಿ ಅಕ್ಕನ ಮನೆಯ ಅಂಗಳ ಹೊಳೆಯಾಗಿತ್ತು, ಅಳಿಯನಿಗೆ ಶಾಲೆಗೆ ಮಳೆಯ ರಜೆ. ಅವನು ಆಡುವುದೆಲ್ಲ ಈಚಿನ ಆಟಗಳು. ಹಳೆಯದು ಇಂದಿಗೂ ರಂಗದಲ್ಲಿ ನಿಲ್ಲುತ್ತದೆಯೇ ಎಂದು ನೋಡಲು ಅವನಿಗಿಂತ ಒಳ್ಳೆಯ ಪ್ರೇಕ್ಷಕ ಸಿಗಲಾರ.

ನಾವು ಆಡಿದ್ದು 2021ರ ಸೆಪ್ಟೆಂಬರಿನಲ್ಲಿ ಬಂದ 'ರಿಸರೆಕ್ಟೆಡ್' ಎಂಬ ಹೊಸ ರೂಪ. ಹೊಸದೆಂದರೆ ಹೆಚ್ಚಾಗಿ ಬಣ್ಣಗಾರಿಕೆ ಹೊಸದು. ಒಳಗೆ ಹಳೆಯ ಯಂತ್ರವೇ, ಸೆಕೆಂಡಿಗೆ 25 ಹೆಜ್ಜೆಯ ಅದೇ ತಾಳದಲ್ಲಿ ಓಡುತ್ತಿದೆ. ಕೀಬೋರ್ಡಿನಲ್ಲಿ 'ಜಿ' ಒತ್ತಿದರೆ ಸಾಕು, ಮೇಲಿನ ವೇಷ ಕಳಚಿ 2000ದ ಚಿತ್ರವೇ ಎದುರಿಗೆ ಬರುತ್ತದೆ. ಪರದೆಯ ಎರಡೂ ಬದಿ ಕಪ್ಪಾಗಿ, ನಡುವೆ ಒರಟು ಚುಕ್ಕೆಗಳ ಸಣ್ಣ ಮನುಷ್ಯ. ಅಳಿಯ ನಾಲ್ಕೈದು ಸಲ ಒತ್ತಿ ಒತ್ತಿ ನೋಡಿದ. ಗವಿಯೊಳಗೆ ಹೋದ ಮೇಲೆ ಮತ್ತೊಮ್ಮೆ ಒತ್ತಿ, "ಮಾವ, ಹಳೆಯದರಲ್ಲೇ ಹೆಚ್ಚು ಹೆದರಿಕೆಯಾಗುತ್ತದೆ" ಎಂದ. ನಿಜವೇ. ಪಾತ್ರದ ಸುತ್ತ ಒಂದಿಷ್ಟಗಲ ಬೆಳಕು, ಅದರಾಚೆ ಕತ್ತಲು. ಗ್ಯಾಸ್‌ಲೈಟಿನ ಕಾಲದ ಯಕ್ಷಗಾನವನ್ನು ನೆನೆಸಿಕೊಳ್ಳುವ ಹಿರಿಯರು, ರಾಕ್ಷಸರ ಬಣ್ಣದ ವೇಷ ಆ ಮಬ್ಬಿನಲ್ಲೇ ಭೀಕರವಾಗಿತ್ತು ಎನ್ನುವುದು ಇದನ್ನೇ.

ಹಳಸಿದ್ದೂ ಇದೆ, ಮುಚ್ಚಿಡುವುದಿಲ್ಲ. ಓಡಿದರೆ ಪಾತ್ರಕ್ಕೆ ದಣಿವು. ತ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವ ದಣಿವಿನ ಪಟ್ಟಿ ಬರಿದಾದರೆ ನಡೆದೇ ಹೋಗಬೇಕು. ಮೊದಲ ಕೆಲವು ಗಂಟೆಗಳ ನಂತರ ಈ ದಣಿವು ಲೆಕ್ಕಕ್ಕೇ ಬರುವುದಿಲ್ಲ, ಹಾಗಾದರೆ ಇಟ್ಟದ್ದೇಕೆ? ಹೊರುವ ಚೀಲದಲ್ಲಿ ಬರೀ 40 ಮನೆ. ಒಂದು ದೊಡ್ಡ ಕವಚಕ್ಕೇ ಆರು ಮನೆ ಬೇಕು. ಸಿಕ್ಕಿದ್ದನ್ನು ಸರಿಸಿ, ಬಿಸಾಡಿ ಜಾಗ ಮಾಡುವುದರಲ್ಲೇ ಸಂಜೆಯ ಒಂದು ಪಾಲು ಕಳೆಯುತ್ತದೆ. ಹೊಸ ರೂಪದಲ್ಲಿ ಚಿನ್ನವನ್ನು ತಾನಾಗಿ ಎತ್ತಿಕೊಳ್ಳುವ ಅನುಕೂಲ ಕೊಟ್ಟಿದ್ದಾರೆ, ಊರಿನಲ್ಲಿ ಸಾಮಾನು ಕೂಡಿಡುವ ಪೆಟ್ಟಿಗೆಯನ್ನೂ ದೊಡ್ಡದು ಮಾಡಿದ್ದಾರೆ. ಚೀಲವನ್ನು ಮಾತ್ರ ಮುಟ್ಟಿಲ್ಲ. ಅದಕ್ಕೆ ಕಾರಣ ಇದೆ: ತಾಯತದಂಥ ಕೆಲವು ವಸ್ತುಗಳು ಚೀಲದಲ್ಲಿ ಇದ್ದಷ್ಟು ಹೊತ್ತು ಬಲ ಕೊಡುತ್ತವೆ. ತಾಯತಕ್ಕೆ ಜಾಗವೋ, ಸಿಕ್ಕಿದ್ದಕ್ಕೆ ಜಾಗವೋ ಎಂಬ ಹಿಂಜರಿಕೆಯೇ ಆಟದ ಒಂದು ಅಂಗ.

ಈ 'ಸಿಕ್ಕಿದ್ದಕ್ಕೆ' ಆಟಗಾರರ ಮಾತಿನಲ್ಲಿ 'ಲೂಟ್' ಎಂದು ಹೆಸರು. ಇಂಗ್ಲಿಷು ಹಿಂದಿಯಿಂದ ಹೊತ್ತೊಯ್ದ ಪದ. ನಮ್ಮಲ್ಲಿ 'ಲೂಟಿ'ಯಾಗಿ ಮೊದಲೇ ಇತ್ತು. ಸತ್ತ ಪ್ರತಿ ರಾಕ್ಷಸನ ಬಳಿ ಏನು ಬೀಳುತ್ತದೆ ಎಂಬುದನ್ನು ಆಟ ಆ ಗಳಿಗೆಯಲ್ಲಿ ದಾಳ ಎಸೆದಂತೆ ತೀರ್ಮಾನಿಸುತ್ತದೆ. ಊರು, ಕಥೆ, ಕೊನೆಯ ಅಸುರ ಇವೆಲ್ಲ ಗೊತ್ತಾದ ಪ್ರಸಂಗ. ಗವಿಯ ಓಣಿಗಳು ಹೇಗೆ ತಿರುಗುತ್ತವೆ, ಯಾವ ಉಂಗುರ ಟಿಣ್ ಎಂದು ನೆಲಕ್ಕೆ ಬೀಳುತ್ತದೆ ಎಂಬುದು ಆ ಹೊತ್ತಿನ ಅರ್ಥಗಾರಿಕೆ, ಕಲಾವಿದ ಅಲ್ಲೇ ಕಟ್ಟುವ ಮಾತು. ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೂ ಜನ ಬೆಳಗಿನವರೆಗೆ ಕುಳಿತಿರುವುದು ಇಂದು ಅವನು ಏನು ಹೇಳಿ ಸಾಯುತ್ತಾನೆ ಎಂದು ಕೇಳಲಿಕ್ಕೆ. 'ಡಯಾಬ್ಲೊ 2'ಕ್ಕೆ ಮತ್ತೆ ಮತ್ತೆ ಮರಳುವುದೂ ಅಂಥ ಕಾರಣಕ್ಕೇ.

ಆದರೆ ನನ್ನ ಮಟ್ಟಿಗೆ ಈ ಆಟವನ್ನು ಇಂದಿಗೂ ರಂಗದಲ್ಲಿ ನಿಲ್ಲಿಸಿರುವುದು ಲೂಟ್‌ಗಿಂತ ಹೆಚ್ಚಾಗಿ ವಿದ್ಯೆಯ ಅಂಕ. ಒಂದು ಮೆಟ್ಟಿಲು ಏರಿದರೆ ಒಂದೇ ಅಂಕ. ಅದನ್ನು ಆ ಪಾತ್ರದ 30 ವಿದ್ಯೆಗಳಲ್ಲಿ ಯಾವುದಕ್ಕಾದರೂ ಹಾಕಬಹುದು. ಮೂಲದಲ್ಲಿ, ಹಾಕಿದ ಅಂಕ ಹಾಕಿದ್ದೇ. ಹಿಂದೆ ತೆಗೆಯುವ ದಾರಿ ತೆರೆದದ್ದು 2010ರಲ್ಲಿ. ಎಲ್ಲವನ್ನೂ ಬೆಂಕಿಗೇ ಸುರಿದ ಮಾಂತ್ರಿಕೆ ಕಡೆಯ ಸುತ್ತಿನಲ್ಲಿ ಬೆಂಕಿ ತಾಗದ ಭೂತಗಳೆದುರು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಅದು ಅತಿಯಾದ ಶಿಕ್ಷೆ, ತಿದ್ದಿದ್ದು ಒಳ್ಳೆಯದಾಯಿತು. ಆದರೂ ಈಗ ಸುಲಭವಾಗಿ ಅಂಕ ಹಿಂಪಡೆಯುವ ಅವಕಾಶಗಳು ಎಣಿಕೆಗೆ ಸಿಗುವಷ್ಟೇ, ಅದರಾಚೆ ಬೇಕಾದರೆ ದುಡಿದು ಗಳಿಸಬೇಕು. 'ರೋಲ್' ಎಂಬ ಪದ ಈ ಬಗೆಯ ಆಟದಲ್ಲಿ ಜೀವ ಹಿಡಿದಿರುವುದು ಇಲ್ಲೇ. ಮಾತಿಲ್ಲದ ಈ ಪಾತ್ರಕ್ಕೆ ಸ್ವಭಾವ ಬರುವುದು ನೀವು ಬಿಟ್ಟುಕೊಟ್ಟ ವಿದ್ಯೆಗಳಿಂದ.

ಅಳಿಯ ಎಲುಬುಗೂಡುಗಳನ್ನು ಎಬ್ಬಿಸುವ ನೆಕ್ರೊಮ್ಯಾನ್ಸರನನ್ನು ಆರಿಸಿದ್ದ. ಮೊದಲ ಅಂಕವನ್ನು ಕಣ್ಣುಮುಚ್ಚಿ ಒತ್ತಿದ. ಮೂರನೆಯದಕ್ಕೆ ಬರುವಾಗ ಮೌಸ್ ಮೇಲಿನ ಬೆರಳು ನಿಂತಿತು. ಎರಡು ಚಿತ್ರಗಳ ನಡುವೆ ಬಾಣದ ಗುರುತು ಅತ್ತಿತ್ತ ಹೋಗಿ ಬಂತು. "ಇದು ಈಗ ಬೇಡ, ಇಟ್ಟುಕೊಳ್ಳುತ್ತೇನೆ" ಎಂದು ಅಂಕ ಉಳಿಸಿ ಗವಿಗೆ ಇಳಿದ, ದಣಿವಿನ ಪಟ್ಟಿ ಬರಿದು ಮಾಡಿಕೊಂಡ, ಮೂಲೆಯಲ್ಲಿ ಸಿಕ್ಕಿಬಿದ್ದು ಸತ್ತ. ಸತ್ತರೆ ತೊಟ್ಟದ್ದೆಲ್ಲ ಹೆಣದ ಮೇಲೆಯೇ ಉಳಿಯುತ್ತದೆ. ಬರಿಗೈಯಲ್ಲಿ ಹೋಗಿ ತರಬೇಕು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಊಟಕ್ಕೆ ಕರೆದಳು.

"ಬಂದೆ ಅಮ್ಮಾ, ನನ್ನ ಹೆಣ ಒಳಗಿದೆ, ತಂದೇ ಬರುತ್ತೇನೆ" ಎಂದ, ಪರದೆಯಿಂದ ಕಣ್ಣು ತೆಗೆಯದೆ.