ಆ ಹುಡುಗಿ ರೈಲು ಹತ್ತುತ್ತಿದ್ದುದು ಬೇರೆ ಸ್ಟೇಷನ್ನಿನಲ್ಲಿ

ಜಪಾನಿನಲ್ಲಿ ಒಬ್ಬಳೇ ಹುಡುಗಿಗೋಸ್ಕರ ಒಂದು ರೈಲ್ವೆ ಸ್ಟೇಷನ್ ನಡೆಸುತ್ತಿದ್ದರಂತೆ. ಅವಳು ಶಾಲೆ ಮುಗಿಸುವವರೆಗೆ ಅದನ್ನು ಮುಚ್ಚಲಿಲ್ಲವಂತೆ. ಈ ಕಥೆ ನಿಮ್ಮ ವಾಟ್ಸಾಪ್‌ಗೂ ಬಂದಿರಬೇಕು. ಹಿಮ, ಪುಟ್ಟ ಮರದ ಕಟ್ಟಡ, ಕೆಳಗೆ 'ದೇಶ ಅಂದ್ರೆ ಹೀಗಿರಬೇಕು' ಅನ್ನುವ ಸಾಲು. ಸ್ಟೇಷನ್ನಿನ ಹೆಸರು ಕಾಮಿ-ಶಿರಾತಾಕಿ.

ಸ್ಟೇಷನ್ ಇದ್ದದ್ದು ನಿಜ, ಹುಡುಗಿಯೂ ನಿಜ. ಆದರೆ ಅವಳು ರೈಲು ಹತ್ತುತ್ತಿದ್ದುದು ಅಲ್ಲಿ ಅಲ್ಲ.

ಜಪಾನಿನ ಉತ್ತರದ ತುದಿಯ ದ್ವೀಪ ಹೊಕ್ಕೈಡೊ. ಅಲ್ಲಿನ ಬೆಟ್ಟಗಳ ನಡುವೆ ಶಿರಾತಾಕಿ ಇದೆ. ಹೆಸರಿನ ಅರ್ಥ ಬಿಳಿ ಜಲಪಾತ. ಈ ಕಡೆಗೆ ಮೊದಲು ಬಂದದ್ದು ರೈಲಲ್ಲ, ರಸ್ತೆ. 1891ರಲ್ಲಿ ಅಬಾಶಿರಿ ಊರಿನ ಜೈಲಿನ ಕೈದಿಗಳ ಕೈಯಲ್ಲಿ ಕಾಡು ಕಡಿಸಿ ಆ ರಸ್ತೆ ಮಾಡಿಸಿದರು. ಇನ್ನೂರಕ್ಕೂ ಜಾಸ್ತಿ ಕೈದಿಗಳು ಆ ಕೆಲಸದಲ್ಲೇ ಸತ್ತರು. 1912ರಲ್ಲಿ ತೆಂಕಣ ವಾಕಾಯಾಮಾ ಸೀಮೆಯಿಂದ ಐವತ್ತಕ್ಕೂ ಹೆಚ್ಚು ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಅವರನ್ನು ಕರೆತಂದವರು ಮೊರಿಹೆಇ ಉಎಶಿಬಾ. ಹೌದು, ಮುಂದೆ ಐಕಿಡೊ ಎಂಬ ಸಮರಕಲೆ ಕಟ್ಟಿದವರೇ. ಬೆಚ್ಚಗಿನ ಕರಾವಳಿಯಲ್ಲಿ ಬೆಳೆದ ಜನ, ಬಂದಿಳಿದದ್ದು ಆಳೆತ್ತರ ಹಿಮ ಬೀಳುವ ಕಣಿವೆಗೆ. ಮೊದಲ ವರ್ಷಗಳು ಹೇಗಿದ್ದವೋ ಊಹಿಸಿಕೊಳ್ಳಿ. 1917ರಲ್ಲಿ ಊರಿಗೆ ಬೆಂಕಿ ಬಿತ್ತು. ಮತ್ತೆ ಕಟ್ಟಿಕೊಂಡರು.

ಪೂರ್ವದ ಕಡೆಯಿಂದ ಹಳಿ ಶಿರಾತಾಕಿ ಮುಟ್ಟಿದ್ದು 1929ರಲ್ಲಿ. ಪಶ್ಚಿಮಕ್ಕೆ ಕಿತಾಮಿ ಘಟ್ಟ ಅಡ್ಡ ಇತ್ತು. ಅದರಡಿ ನಾಲ್ಕು ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು, 1932ರ ಅಕ್ಟೋಬರ್ 1ರಂದು ಎರಡೂ ಕಡೆಯ ಹಳಿಗಳನ್ನು ಸೇರಿಸಿದರು. ಅಲ್ಲಿಯವರೆಗೆ ಪಶ್ಚಿಮದ ಅಸಾಹಿಕಾವಾ ನಗರದಿಂದ ಪೂರ್ವದ ಅಬಾಶಿರಿ ಕಡೆಗೆ ರೈಲಿನಲ್ಲಿ ಹೋಗುವವರು ದೊಡ್ಡ ಸುತ್ತು ಹಾಕಬೇಕಿತ್ತು. ಈ ಹೊಸ ಹಾದಿಯೇ ಸೆಕಿಹೊಕು ಲೈನ್. ಕಾಮಿ-ಶಿರಾತಾಕಿ ಸ್ಟೇಷನ್ ಶುರುವಾದದ್ದೂ ಅದೇ ದಿನ.

ಇಲ್ಲಿನ ಸ್ಟೇಷನ್ ಹೆಸರುಗಳೇ ಒಂದು ತಮಾಷೆ. ಕಾಮಿ ಅಂದರೆ ಮೇಲಿನದು, ಶಿಮೊ ಅಂದರೆ ಕೆಳಗಿನದು, ಓಕು ಅಂದರೆ ಒಳಗಿನದು, ಕ್ಯೂ ಅಂದರೆ ಹಳೆಯದು. ಬರೀ ಶಿರಾತಾಕಿ ಎಂಬುದೂ ಒಂದಿದೆ. ಎಲ್ಲ ಒಂದೇ ಲೈನಿನಲ್ಲಿ ಸಾಲಾಗಿ. ಕ್ಯೂ-ಶಿರಾತಾಕಿ ಹೆಸರಿಗೆ ಹಳೆಯದು, ಆದರೆ ಶುರುವಾದದ್ದು ತಡವಾಗಿ, 1947ರಲ್ಲಿ. ಅದೂ ಸುತ್ತಲಿನ ಜನರಿಗಾಗಿ ಮಾಡಿದ ತಾತ್ಕಾಲಿಕ ನಿಲುಗಡೆಯಾಗಿ. ಪೂರ್ತಿ ಸ್ಟೇಷನ್ ಅನ್ನಿಸಿಕೊಂಡದ್ದು 1987ರಲ್ಲಿ, ಸರ್ಕಾರಿ ರೈಲ್ವೆ ಒಡೆದು ಜೆಆರ್ ಕಂಪನಿಗಳಾದಾಗ.

ಅಷ್ಟರಲ್ಲಿ ಜನ ಊರು ಬಿಡತೊಡಗಿದ್ದರು. 2001ರಲ್ಲಿ ಓಕು-ಶಿರಾತಾಕಿ ಮುಚ್ಚಿತು. ಘಟ್ಟದ ಆಚೆಯ ಇನ್ನೆರಡು ಸ್ಟೇಷನ್ನುಗಳೂ ಆಗಲೇ ಹೋದವು. 2005ರಲ್ಲಿ ಶಿರಾತಾಕಿ ಹಳ್ಳಿಯೇ ಎಂಗಾರು ಪಟ್ಟಣದೊಳಗೆ ಸೇರಿಹೋಯಿತು.

ಈಗ ಹುಡುಗಿಯ ವಿಷಯಕ್ಕೆ ಬರೋಣ. ಘಟ್ಟ ದಾಟುವ ಲೋಕಲ್ ರೈಲು ದಿನಕ್ಕೆ ಒಂದೇ ಸಲ ಹೋಗಿ ಬರುತ್ತಿತ್ತು. ಹಾಗಾಗಿ ಕಾಮಿ-ಶಿರಾತಾಕಿಯ ಬೋರ್ಡಿನಲ್ಲಿ ಇದ್ದದ್ದು ಎರಡೇ ಸಮಯ: ಬೆಳಿಗ್ಗೆ 7.04, ಸಂಜೆ 5.08. ನೋಡಿದರೆ ಥೇಟ್ ಶಾಲೆಗೆ ಹೋಗಿಬರುವ ಹೊತ್ತು, ಅಲ್ವಾ? 2016ರ ಜನವರಿಯಲ್ಲಿ ಚೀನಾದ ಒಂದು ಟಿವಿ ವಾಹಿನಿಯ ಫೇಸ್‌ಬುಕ್ ಪುಟದಲ್ಲಿ ಕಥೆ ಬಂತು. ಅಲ್ಲಿಂದ ಪ್ರಪಂಚ ಸುತ್ತಿತು.

ಹುಡುಗಿ ಹತ್ತುತ್ತಿದ್ದುದು ಕ್ಯೂ-ಶಿರಾತಾಕಿಯಲ್ಲಿ. ರೈಲು ಮಾತ್ರ ಅದೇ. ಕಾಮಿ-ಶಿರಾತಾಕಿ ಬಿಟ್ಟು, ನಡುವೆ ಶಿರಾತಾಕಿ ದಾಟಿ, ಹತ್ತು ನಿಮಿಷದ ಮೇಲೆ ಅಲ್ಲಿಗೆ ಬರುತ್ತಿತ್ತು. ಅವಳ ಹೈಸ್ಕೂಲು ಇದ್ದದ್ದು ಎಂಗಾರುವಿನಲ್ಲಿ. ವಾಪಸ್ ಬರಲು ಒಂದಲ್ಲ, ಮೂರು ರೈಲುಗಳಿದ್ದವು. ಆ ರೈಲಿನಲ್ಲಿ ಅವಳೊಬ್ಬಳೇ ವಿದ್ಯಾರ್ಥಿನಿಯೂ ಆಗಿರಲಿಲ್ಲ. ಅವಳಿಗಾಗಿ ಅಂತ ಯಾರೂ ರೈಲು ಓಡಿಸಲಿಲ್ಲ. ಹೇಗೂ ಓಡುವ ರೈಲು ಅಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೇ. ಜಪಾನಿನಲ್ಲಿ ಶಾಲಾ ವರ್ಷ ಮುಗಿಯುವುದೂ, ರೈಲು ವೇಳಾಪಟ್ಟಿ ಬದಲಾಗುವುದೂ ಮಾರ್ಚ್‌ನಲ್ಲೇ. 2016ರ ಮಾರ್ಚ್ 26ರಂದು ಕಾಮಿ, ಕ್ಯೂ, ಶಿಮೊ ಮೂರೂ ಒಟ್ಟಿಗೆ ಮುಚ್ಚಿದವು. ಅವಳ ಶಾಲೆಯೂ ಆ ತಿಂಗಳೇ ಮುಗಿದಿತ್ತು.

ಹಾಗಂತ ಕಥೆ ಪೂರ್ತಿ ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ದಿನಕ್ಕೆ ಒಬ್ಬರು ಹತ್ತುವುದೇ ಕಷ್ಟ ಎನ್ನುವ ಸ್ಟೇಷನ್ನುಗಳಲ್ಲಿ ಅಷ್ಟು ವರ್ಷ ರೈಲು ನಿಂತದ್ದಂತೂ ನಿಜ. ಈಗ ಶಿರಾತಾಕಿಯಿಂದ ಪಶ್ಚಿಮಕ್ಕೆ ಹೊರಟರೆ ಮುಂದಿನ ಸ್ಟೇಷನ್ ಕಾಮಿಕಾವಾ, 37.3 ಕಿಲೋಮೀಟರ್ ದೂರ. 2016ರ ನವೆಂಬರ್‌ನಲ್ಲಿ ಇಲ್ಲಿನ ರೈಲು ಕಂಪನಿ ಜೆಆರ್ ಹೊಕ್ಕೈಡೊ ಒಂದು ಪಟ್ಟಿ ಹೊರಡಿಸಿತು. ತಾನೊಬ್ಬನೇ ನಡೆಸಲಾಗದ ಲೈನುಗಳ ಪಟ್ಟಿ ಅದು. ಒಟ್ಟು 1,200 ಕಿಲೋಮೀಟರಿಗೂ ಜಾಸ್ತಿ, ಅಂದರೆ ಅದರ ಹಳಿಗಳಲ್ಲಿ ಹತ್ತಿರಹತ್ತಿರ ಅರ್ಧ. ಸೆಕಿಹೊಕು ಲೈನ್ ಕೂಡ ಅದರಲ್ಲಿತ್ತು. ಆ ಸುದ್ದಿಯನ್ನು ನನಗೆ ಯಾರೂ ಫಾರ್ವರ್ಡ್ ಮಾಡಲಿಲ್ಲ.