ಕೂಡುವ ಮೊದಲೇ ನೋಡಬೇಕು

ಫೈಲ್ ಸರ್ವರ್‌ನ ಇಂಟಿಜರ್ ಓವರ್‌ಫ್ಲೋ ದೋಷವನ್ನು (ಲೆಕ್ಕದ ಫಲ ವೇರಿಯಬಲ್‌ನಲ್ಲಿ ಹಿಡಿಯದೆ ಸುತ್ತಿ ಸಣ್ಣ ಸಂಖ್ಯೆಯಾಗುವ ತಪ್ಪನ್ನು) ಸರಿಪಡಿಸಲಾಗಿದೆ ಎಂಬ ವಿವರಣೆಯೊಂದಿಗೆ ನನ್ನ ಪರಿಶೀಲನೆಗೆ ಬರುವ ಪ್ಯಾಚ್‌ಗಳಲ್ಲಿ (ಕೋಡ್ ತಿದ್ದುಪಡಿಗಳಲ್ಲಿ) ಹೆಚ್ಚಿನವು ಮಾಡಿರುವುದು ಒಂದೇ ಕೆಲಸ: 32 ಬಿಟ್‌ನ ವೇರಿಯಬಲ್‌ಗಳನ್ನು 64 ಬಿಟ್‌ಗೆ ಬದಲಾಯಿಸಿರುತ್ತವೆ. ತಪ್ಪಿರುವುದು ಗಾತ್ರದ ಮಿತಿಯನ್ನು ನೋಡುವ ಪರೀಕ್ಷೆಯ ಸಾಲಿನಲ್ಲಿ. ಆ ಸಾಲು ಮಾತ್ರ ಇದ್ದಂತೆಯೇ ಇರುತ್ತದೆ.

ಕ್ಲೈಂಟ್ ಒಂದು ಆಫ್‌ಸೆಟ್ (ಎಲ್ಲಿಂದ ಆರಂಭಿಸಬೇಕು ಎಂಬ ಸ್ಥಾನ) ಮತ್ತು ಒಂದು ಉದ್ದವನ್ನು ಕಳುಹಿಸುತ್ತದೆ. ಸರ್ವರ್ ಎರಡನ್ನೂ ಕೂಡಿಸಿ, ಮೊತ್ತವು ಬಫರ್‌ನ (ದತ್ತಾಂಶಕ್ಕೆ ಮೀಸಲಿಟ್ಟ ಮೆಮೊರಿಯ) ಗಾತ್ರವನ್ನು ಮೀರಿದೆಯೇ ಎಂದು ನೋಡುತ್ತದೆ. ಬಫರ್ 1,000 ಬೈಟ್‌ಗಳದ್ದು, ಆಫ್‌ಸೆಟ್ 4,29,49,67,290, ಉದ್ದ 10 ಎಂದಿಟ್ಟುಕೊಳ್ಳಿ. ಚಿಹ್ನೆಯಿಲ್ಲದ (ಋಣ ಸಂಖ್ಯೆಗಳಿಲ್ಲದ) 32 ಬಿಟ್‌ನಲ್ಲಿ 4,29,49,67,295ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲವಾದ್ದರಿಂದ ಮೊತ್ತವು ಸುತ್ತಿ ಬಂದು 4 ಆಗುತ್ತದೆ. 4 ಎಂಬುದು 1,000ಕ್ಕಿಂತ ಕಡಿಮೆ, ಆದ್ದರಿಂದ ಕೋರಿಕೆಯು ನಿರಾತಂಕವಾಗಿ ಒಳಗೆ ಬರುತ್ತದೆ. ಜಾಲದ ಮೂಲಕ ಫೈಲ್‌ಗಳನ್ನು ಹಂಚುವ ಎನ್‌ಎಫ್‌ಎಸ್ ಪ್ರೋಟೊಕಾಲ್‌ನ 3ನೇ ಆವೃತ್ತಿಯಿಂದಲೇ ಆಫ್‌ಸೆಟ್‌ಗಳು 64 ಬಿಟ್‌ನವು; ಅಂದರೆ ವೇರಿಯಬಲ್ ಎಷ್ಟು ಅಗಲವಾಗಿದೆಯೋ ಅಷ್ಟೇ ದೊಡ್ಡ ಸಂಖ್ಯೆಯನ್ನು ಕಳುಹಿಸುವ ಸ್ವಾತಂತ್ರ್ಯ ಎದುರಿನವನಿಗೂ ಇದೆ.

ಇದನ್ನು ಒಪ್ಪದ ಕಿರಿಯ ಸಹೋದ್ಯೋಗಿಯೊಬ್ಬರ ಪಕ್ಕದಲ್ಲಿ ಕುಳಿತು, 64 ಬಿಟ್‌ನ ಗರಿಷ್ಠ ಸಂಖ್ಯೆಗಿಂತ 9 ಕಡಿಮೆಯ ಆಫ್‌ಸೆಟ್ ಮತ್ತು 20 ಬೈಟ್‌ಗಳ ಉದ್ದವನ್ನು ಅವರ ಹೊಸ ಕೋಡ್‌ಗೆ ಕೊಟ್ಟೆ. ಮೊತ್ತ 10 ಎಂದು ಬಂತು, ಪರೀಕ್ಷೆ ಒಪ್ಪಿಕೊಂಡಿತು. ಅವರು ಬಹಳ ಹೊತ್ತು ಆ 10ನ್ನೇ ನೋಡುತ್ತಿದ್ದು, ಆಮೇಲೆ ನಾನು ಹೇಳುವ ಮೊದಲೇ ಕೂಡುವಿಕೆಯನ್ನು ಅಳಿಸಿದರು. ಅವರು ಬರೆದದ್ದು ಸರಿಯಾದ ರೂಪ: ಆಫ್‌ಸೆಟ್ ಗಾತ್ರಕ್ಕಿಂತ ಹೆಚ್ಚಿದ್ದರೆ ತಿರಸ್ಕರಿಸು, ಇಲ್ಲದಿದ್ದರೆ ಗಾತ್ರದಿಂದ ಆಫ್‌ಸೆಟ್ ಕಳೆದು, ಉಳಿದದ್ದಕ್ಕಿಂತ ಉದ್ದ ಹೆಚ್ಚಿದ್ದರೂ ತಿರಸ್ಕರಿಸು. ಈ ಎರಡು ಹೆಜ್ಜೆಗಳ ಕ್ರಮವನ್ನು ಅದಲು ಬದಲು ಮಾಡಬಾರದು, ಏಕೆಂದರೆ ಮೊದಲನೆಯದು ಇಲ್ಲದಿದ್ದರೆ ಕಳೆಯುವಿಕೆಯೇ ಕೆಳಮುಖವಾಗಿ ಸುತ್ತಿಕೊಳ್ಳುತ್ತದೆ.

ಗುಣಾಕಾರದಲ್ಲಿ ಅಪಾಯ ಇನ್ನೂ ಹೆಚ್ಚು. ಬೇರೆ ಯಂತ್ರದ ಕಾರ್ಯಗಳನ್ನು ಜಾಲದ ಮೂಲಕ ಕರೆಯುವ ಸನ್ ಆರ್‌ಪಿಸಿಯಲ್ಲಿ, ದತ್ತಾಂಶವನ್ನು ಸಾಗಿಸುವ ರೂಪಕ್ಕೆ ತರುವ ಎಕ್ಸ್‌ಡಿಆರ್ ಎಂಬ ಕೋಡ್ ಗ್ರಂಥಾಲಯದಲ್ಲಿ 2002ರಲ್ಲಿ ಬಯಲಾದ ದೋಷವು ಇದೇ ಜಾತಿಯದು: ಅಂಶಗಳ ಸಂಖ್ಯೆಯನ್ನು ಒಂದೊಂದರ ಗಾತ್ರದಿಂದ ಗುಣಿಸಿದಾಗ ಗುಣಲಬ್ಧ ಸುತ್ತಿಕೊಂಡು, ಸಣ್ಣ ಬಫರ್ ಹಂಚಿಕೆಯಾಗಿ, ತುಂಬುವ ಲೂಪ್ ಮಾತ್ರ ಮೂಲ ಸಂಖ್ಯೆಯನ್ನೇ ನಂಬಿ ಓಡುತ್ತಿತ್ತು. ಅಲ್ಲಿಯೂ ಗುಣಿಸುವ ಮೊದಲೇ ಗರಿಷ್ಠವನ್ನು ಒಂದು ಅಂಶದ ಗಾತ್ರದಿಂದ ಭಾಗಿಸಿ, ಅಂಶಗಳ ಸಂಖ್ಯೆಯೊಂದಿಗೆ ಹೋಲಿಸಬೇಕು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮೇಲಿನದೆಲ್ಲ ಚಿಹ್ನೆಯಿಲ್ಲದ ಸಂಖ್ಯೆಗಳಿಗೆ ಅನ್ವಯಿಸುತ್ತದೆ. ಸಿ ಭಾಷೆಯಲ್ಲಿ ಚಿಹ್ನೆಯುಳ್ಳ ಸಂಖ್ಯೆ ಉಕ್ಕಿದರೆ ಏನಾಗಬೇಕೆಂದು ಭಾಷೆಯೇ ನಿಗದಿಪಡಿಸಿಲ್ಲ. ಆದ್ದರಿಂದ ‘ಮೊತ್ತವು ಆಫ್‌ಸೆಟ್‌ಗಿಂತ ಕಡಿಮೆಯಾಯಿತೇ’ ಎಂದು ಆಮೇಲೆ ಕೇಳುವ ಪರೀಕ್ಷೆಯನ್ನು, ಅದು ಎಂದೂ ನಿಜವಾಗದೆಂದು ಭಾವಿಸಿ ಕಂಪೈಲರ್ ತೆಗೆದುಹಾಕಬಹುದು. ಅಂಥ ಕಡೆ ಋಣ ಸಂಖ್ಯೆಗಳನ್ನು ಮೊದಲೇ ತಿರಸ್ಕರಿಸಿರಬೇಕು, ಅಥವಾ ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳು ಒದಗಿಸುವ ಓವರ್‌ಫ್ಲೋ ಪರೀಕ್ಷಿಸುವ ಕಾರ್ಯಗಳನ್ನು ಬಳಸಬೇಕು. ಪ್ಯಾಚ್ ಕಳುಹಿಸುವವರು ಗಾತ್ರಕ್ಕೆ ಸರಿಸಮವಾದ, ಅದಕ್ಕಿಂತ ಒಂದು ಹೆಚ್ಚಿನ, ಹಾಗೂ ಆ ಪ್ರಕಾರದ ಗರಿಷ್ಠ ಆಫ್‌ಸೆಟ್‌ಗಳ ಪರೀಕ್ಷೆಗಳನ್ನೂ ಜೊತೆಗೆ ಸೇರಿಸಿ ಕಳುಹಿಸಬೇಕೆಂದು ಕೋರುತ್ತೇನೆ.